ಯಂತ್ರ ಕೊಟ್ಟವರು ಡಬ್ಬಿಯನ್ನೂ ಕೊಡಲಿ

ಮುಂಗಾರಿಗೆ ಮುಂಚಿನ ಹದಿನೈದು ದಿನ ಮಲೆನಾಡಿನ ಯಾವ ಪೇಟೆಯ ಪೆಟ್ರೋಲ್ ಬಂಕಿಗೆ ಹೋದರೂ ಒಂದೇ ನೋಟ. ಅಡಿಕೆ ಕೊನೆಗೆ ಬೋರ್ಡೋ ದ್ರಾವಣ ಹೊಡೆಯುವ ಅವಸರ. ಸಿಂಪಡಣೆ ಯಂತ್ರಕ್ಕೆ ಪೆಟ್ರೋಲ್ ಬೇಕು. ಇಪ್ಪತ್ತು, ಮೂವತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಬೈಕಿನಲ್ಲಿ ಬಂದ ರೈತರ ಕೈಯಲ್ಲಿರುವ ಪಾತ್ರೆಗಳನ್ನು ಗಮನಿಸಿ. ಎರಡು ಲೀಟರಿನ ಸೋಡಾ ಬಾಟಲಿ, ಅಡಿಗೆ ಎಣ್ಣೆಯ ಐದು ಲೀಟರ್ ಕ್ಯಾನು, ಔಷಧಿ ಖಾಲಿಯಾದ ಡಬ್ಬಿ. ಬಯಲುಸೀಮೆಯಲ್ಲಿ ಬೆಳೆ ಬೇರೆ, ಹಂಗಾಮು ಬೇರೆ. ಪಾತ್ರೆಗಳು ಮಾತ್ರ ಅವೇ. ಕಳೆ ಕತ್ತರಿಸುವ ಯಂತ್ರ, ಪವರ್ ಸ್ಪ್ರೇಯರ್, ಮರ ಕೊಯ್ಯುವ ಗರಗಸ, ಪುಟ್ಟ ಪೆಟ್ರೋಲ್ ಪಂಪು ಇವೆಲ್ಲ ಈಗ ಸಣ್ಣ ಹಿಡುವಳಿದಾರನ ಕೊಟ್ಟಿಗೆಗೂ ಬಂದಿವೆ. ಆಳು ಸಿಗದ ಈ ಕಾಲದಲ್ಲಿ ಅವು ಬರಲೇಬೇಕಾಗಿತ್ತು. ಅವಕ್ಕೆ ಬೇಕಾದ ಪೆಟ್ರೋಲನ್ನು ಬಂಕಿನಿಂದ ಹೊಲಕ್ಕೆ ಸಾಗಿಸುವ ಬಗೆಯನ್ನು ಮಾತ್ರ ಯಾರೂ ಯೋಚಿಸಲಿಲ್ಲ.

2014-15ರಿಂದ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಡಿ ಯಂತ್ರಗಳಿಗೆ ಸಹಾಯಧನ ದೊರೆಯುತ್ತಿದೆ. ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ನಡೆಯುತ್ತಿವೆ. ಯಂತ್ರದ ಜೊತೆ ಬೆಲ್ಟು, ಬ್ಲೇಡು, ಸ್ಪ್ಯಾನರ್, ಕನ್ನಡಕ ಎಲ್ಲ ಕೊಡುತ್ತಾರೆ. ಪೆಟ್ರೋಲ್ ತರಲು ಒಂದು ಸರಿಯಾದ ಡಬ್ಬಿ ಕೊಡುವುದಿಲ್ಲ. ಇದು ಸಣ್ಣ ಮಾತೆಂದು ಯಾರಿಗಾದರೂ ಅನ್ನಿಸಿದರೆ ಅವರು ಪೆಟ್ರೋಲಿನ ಗುಣವನ್ನು ಸರಿಯಾಗಿ ಅರಿತಿಲ್ಲ ಎಂದೇ ಹೇಳಬೇಕು.

ನಮ್ಮ ಹಳ್ಳಿಗಳಲ್ಲಿ ಪೆಟ್ರೋಲನ್ನು ಹಗುರವಾಗಿ ಕಾಣುವುದಕ್ಕೆ ಒಂದು ಕಾರಣವಿದೆ. ನಮ್ಮ ಕೈ ಪಳಗಿದ್ದು ಸೀಮೆಎಣ್ಣೆಯಲ್ಲಿ. ಎರಡು ಮೂರು ತಲೆಮಾರು ಸೀಮೆಎಣ್ಣೆಯನ್ನು ಬಾಟಲಿಯಲ್ಲಿ ತಂದೆವು, ಬಾಯಿಗೆ ಕಾಗದ ಸುತ್ತಿ ತುರುಕಿದೆವು, ಒಲೆಯ ಪಕ್ಕದ ಗೂಡಿನಲ್ಲೇ ಇಟ್ಟೆವು. ಚೆಲ್ಲಿದರೆ ಬಟ್ಟೆಯಿಂದ ಒರೆಸಿದೆವು. ಬಹುಪಾಲು ಮನೆಗಳಲ್ಲಿ ಏನೂ ಆಗಲಿಲ್ಲ. ಏಕೆಂದರೆ ಸೀಮೆಎಣ್ಣೆ 35 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುವವರೆಗೆ ಕಿಡಿಗೆ ಹತ್ತಿಕೊಳ್ಳುವಷ್ಟು ಆವಿಯನ್ನು ಬಿಡುವುದಿಲ್ಲ. ಅದನ್ನು ಉರಿಸಲು ಬತ್ತಿ ಬೇಕು. ಡೀಸೆಲ್ಲೂ ಹೆಚ್ಚು ಕಡಿಮೆ ಇದೇ ಜಾತಿಯದು. ಪೆಟ್ರೋಲು ಹಾಗಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅದು ಕಿಡಿಗೆ ಹತ್ತುವಷ್ಟು ಆವಿ ಬಿಡುತ್ತಿರುತ್ತದೆ. ಅಂದರೆ ನಮ್ಮ ನಾಡಿನಲ್ಲಿ, ಯಾವ ಋತುವಿನಲ್ಲಿಯೂ, ಯಾವ ಹೊತ್ತಿನಲ್ಲಿಯೂ, ಮುಚ್ಚಳ ತೆಗೆದ ಪೆಟ್ರೋಲಿನ ಸುತ್ತ ಕಿಡಿಗಾಗಿ ಕಾದಿರುವ ಗಾಳಿ ಇದ್ದೇ ಇರುತ್ತದೆ. ಪಡಿತರದ ಸೀಮೆಎಣ್ಣೆ ಈಗ ಬಹುತೇಕ ಮನೆಗಳಿಂದ ಮರೆಯಾಗಿದೆ. ಸೀಮೆಎಣ್ಣೆಯ ಅಭ್ಯಾಸ ಉಳಿದುಕೊಂಡು ಪೆಟ್ರೋಲಿನ ಮೇಲೆ ಬಂದು ಕುಳಿತಿದೆ.

ಉರಿಯುವುದು ಪೆಟ್ರೋಲಿನ ದ್ರವವಲ್ಲ, ಆವಿ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲಕ್ಕೆ ಹೋಗದೆ ನೀರಿನಂತೆ ತಗ್ಗನ್ನು ಹುಡುಕಿಕೊಂಡು ನೆಲದ ಮೇಲೆ ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಬೆರೆತರೂ ಸಾಕು, ಕಿಡಿ ತಗುಲಿದರೆ ಭುಗಿಲೆನ್ನುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯಲ್ಲಿ ಮೊಣಕಾಲೆತ್ತರದವರೆಗಿನ ಗಾಳಿಯನ್ನು ಈ ಸ್ಥಿತಿಗೆ ತರಲು ಅರ್ಧ ಲೀಟರ್ ಪೆಟ್ರೋಲ್ ಆವಿಯಾದರೆ ಸಾಕಾಗುತ್ತದೆ. ಮಲೆನಾಡಿನ ಮನೆಗಳಲ್ಲಿ ಬಚ್ಚಲು ಸಾಮಾನ್ಯವಾಗಿ ತಗ್ಗಿನಲ್ಲಿರುತ್ತದೆ, ಅಲ್ಲಿಯೇ ಹಂಡೆಯ ಒಲೆಯೂ ಇರುತ್ತದೆ. ಪಕ್ಕದ ಕೊಟ್ಟಿಗೆಯಲ್ಲಿ ಸೋರುವ ಕ್ಯಾನು ಇಟ್ಟು, ಒಲೆ ಎಷ್ಟೊಂದು ದೂರವಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ಆವಿ ಹರಿಯುವ ದಾರಿಯನ್ನು ಒಮ್ಮೆ ಕಣ್ಣಳತೆಯಲ್ಲಿ ನೋಡಬೇಕು.

ಇನ್ನು ಬಾಟಲಿಯ ವಿಷಯ. ನೀರಿನ, ಸೋಡಾದ ಬಾಟಲಿ ಪೆಟ್ರೋಲಿಗಾಗಿ ಮಾಡಿದ್ದಲ್ಲ. ಅದರ ಮುಚ್ಚಳ ಆವಿಯ ಒತ್ತಡಕ್ಕೆ ಬಿಗಿಯಾಗಿ ನಿಲ್ಲುವುದಿಲ್ಲ. ಬೈಕಿನ ಹ್ಯಾಂಡಲಿಗೆ ತೂಗುಹಾಕಿದ ಚೀಲದಲ್ಲಿ ಹಳ್ಳದಿಂದ ಹಳ್ಳಕ್ಕೆ ಕುಲುಕಿದಾಗ ಒಂದೊಂದೇ ಹನಿ ಜಿನುಗಿ ಬಿಸಿ ಇಂಜಿನ್ನಿನ ಮೇಲೆ ಬೀಳುತ್ತದೆ. ಅಡಿಗೆ ಎಣ್ಣೆಯ ತೆಳು ಕ್ಯಾನು ಬಿಸಿಲಿಗೆ ಉಬ್ಬುತ್ತದೆ, ನೆರಳಿಗೆ ಕುಗ್ಗುತ್ತದೆ. ಹೀಗೆ ಹತ್ತಾರು ಸಲ ಆದ ಮೇಲೆ ಹಿಡಿಕೆಯ ಬುಡದಲ್ಲಿ ಬಿರುಕು ಬಿಡುತ್ತದೆ. ಔಷಧಿಯ ಡಬ್ಬಿಯದು ಇನ್ನೂ ಬೇರೆ ಕಥೆ. ಅದರಲ್ಲಿ ಉಳಿದ ವಿಷದ ಅಂಶ ಕೈಗೆ, ಮೈಗೆ, ಯಂತ್ರಕ್ಕೆ ಹತ್ತುತ್ತದೆ. ಮುಂದೊಂದು ದಿನ ಅದೇ ಡಬ್ಬಿ ಯಾರ ಕೈಗೆ ಸಿಕ್ಕಿ ಏನಕ್ಕೆ ಬಳಕೆಯಾಗುತ್ತದೋ ಹೇಳಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಮನೆಯ ಮಕ್ಕಳಿಗೆ. ನೀರಿನ ಬಾಟಲಿಯಲ್ಲಿರುವುದೆಲ್ಲ ನೀರೇ ಎಂದು ತಿಳಿಯುವ ವಯಸ್ಸು ಅದು. ಬಾಯಾರಿ ಬಂದ ಕೂಲಿಯಾಳು ಕೂಡ ಹೊಲದ ಬದುವಿನಲ್ಲಿಟ್ಟ ಬಾಟಲಿಯನ್ನು ನೋಡದೆ ಎತ್ತಿ ಬಾಯಿಗೆ ಸುರಿದುಕೊಳ್ಳಬಹುದು.

ಕಾನೂನು ಏನು ಹೇಳುತ್ತದೆ? ಇದರ ಬಗ್ಗೆ ಬಂಕಿನವರಿಗೂ ನಮಗೂ ಅರೆಬರೆ ತಿಳುವಳಿಕೆ. "ಡಬ್ಬಿಗೆ ಪೆಟ್ರೋಲ್ ಹಾಕುವುದೇ ಅಪರಾಧ" ಎಂದು ಅವರು ಹೇಳುತ್ತಾರೆ. "ನನ್ನ ದುಡ್ಡು, ನನ್ನ ಡಬ್ಬಿ, ನಿನಗೇನು" ಎಂದು ನಾವು ಜಗಳಕ್ಕೆ ನಿಲ್ಲುತ್ತೇವೆ. ಎರಡೂ ಸರಿಯಲ್ಲ. 1934ರ ಪೆಟ್ರೋಲಿಯಂ ಕಾಯಿದೆಯ 8ನೆಯ ಕಲಮಿನ ಪ್ರಕಾರ, ಮಾರಾಟಕ್ಕಲ್ಲದೆ ಸ್ವಂತ ಉಪಯೋಗಕ್ಕಾದರೆ ಒಟ್ಟು 30 ಲೀಟರಿನವರೆಗೆ ಪೆಟ್ರೋಲನ್ನು ಲೈಸೆನ್ಸಿಲ್ಲದೆ ಸಾಗಿಸಬಹುದು, ಇಟ್ಟುಕೊಳ್ಳಬಹುದು. ಆದರೆ ಪಾತ್ರೆ ಬಿಗಿ ಬಿರಡೆಯದ್ದಾಗಿರಬೇಕು. ಗಾಜು ಅಥವಾ ಪಿಂಗಾಣಿಯದ್ದಾದರೆ 1 ಲೀಟರಿಗಿಂತ ದೊಡ್ಡದಿರಬಾರದು, ಲೋಹದ್ದಾದರೆ 25 ಲೀಟರಿಗಿಂತ ದೊಡ್ಡದಿರಬಾರದು. ಪ್ಲಾಸ್ಟಿಕ್ಕಿನ ಹೆಸರೇ ಈ ಪಟ್ಟಿಯಲ್ಲಿಲ್ಲ. 2002ರ ಪೆಟ್ರೋಲಿಯಂ ನಿಯಮಗಳು ಇನ್ನೂ ಎರಡು ಮಾತು ಸೇರಿಸುತ್ತವೆ: ಒಂದು ಲೀಟರಿಗಿಂತ ದೊಡ್ಡ ಡಬ್ಬಿ ಸ್ಫೋಟಕ ವಸ್ತುಗಳ ಮುಖ್ಯ ನಿಯಂತ್ರಕರು ಒಪ್ಪಿದ ಮಾದರಿಯದ್ದಾಗಿರಬೇಕು, ಮತ್ತು ಡಬ್ಬಿಯಲ್ಲಿ ನೂರಕ್ಕೆ 5 ಪಾಲಿನಷ್ಟು ಜಾಗ ಖಾಲಿ ಬಿಟ್ಟಿರಬೇಕು.

ಇದನ್ನು ಓದಿದರೆ ರೈತ ತನ್ನ ಯಂತ್ರಕ್ಕೆ ಐದು ಲೀಟರ್ ಒಯ್ಯುವುದನ್ನು ಕಾಯಿದೆ ತಡೆಯುವುದಿಲ್ಲ, ಅವನು ಒಯ್ಯುವ ಪಾತ್ರೆಯನ್ನಷ್ಟೇ ತಡೆಯುತ್ತದೆ ಎಂಬುದು ಸ್ಪಷ್ಟ. ಬಾಟಲಿ ಹಿಡಿದು ಬಂದವನಿಗೆ ಬಂಕಿನ ಹುಡುಗ ಇಲ್ಲವೆಂದರೆ ಅವನು ಸರಿ. ಗಲಭೆ, ಚುನಾವಣೆಗಳ ಸಮಯದಲ್ಲಿ ಬಿಡಿ ಪೆಟ್ರೋಲ್ ಮಾರಬಾರದೆಂದು ಆಡಳಿತದ ಆದೇಶ ಹೊರಡುವುದೂ ಉಂಟು, ಅದಕ್ಕೂ ಅರ್ಥವಿದೆ. ಆದರೆ ಒಪ್ಪಿದ ಮಾದರಿಯ ಲೋಹದ ಡಬ್ಬಿ ನಮ್ಮ ತಾಲ್ಲೂಕು ಪೇಟೆಯ ಯಾವ ಅಂಗಡಿಯಲ್ಲಿ ಸಿಗುತ್ತದೆ? ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಬಣ್ಣ ಬಣ್ಣದ ಪ್ಲಾಸ್ಟಿಕ್ ಕ್ಯಾನು ತೋರಿಸುತ್ತಾರೆ. ಕಾಯಿದೆ ಹೇಳುವ ಪಾತ್ರೆ ಪೇಟೆಯಲ್ಲಿಲ್ಲ, ಪೇಟೆಯಲ್ಲಿರುವ ಪಾತ್ರೆಯನ್ನು ಕಾಯಿದೆ ಒಪ್ಪುವುದಿಲ್ಲ. ನಡುವೆ ಸಿಕ್ಕಿಕೊಂಡವನು ಅಡ್ಡದಾರಿ ಹುಡುಕುತ್ತಾನೆ. ಊರಿನ ಗೂಡಂಗಡಿಯಲ್ಲಿ ಬಾಟಲಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳುತ್ತಾನೆ. ಆ ಅಂಗಡಿಯಲ್ಲಿ ಬೀಡಿ ಹಚ್ಚಲು ಉರಿಯುವ ಹಗ್ಗವೂ, ಪೆಟ್ರೋಲ್ ಬಾಟಲಿಗಳ ಸಾಲೂ ಒಂದೇ ಹಲಗೆಯ ಮೇಲಿರುತ್ತವೆ. ಬಂಕಿನ ಅಂಗಳದಿಂದ ಅಪಾಯವನ್ನು ಓಡಿಸಿ ಊರಿನ ನಡುವೆ ತಂದು ಕೂರಿಸಿದಂತಾಯಿತು.

ಇನ್ನೊಂದು ದಾರಿ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ, ಬೈಕಿನ ಟ್ಯಾಂಕಿನಲ್ಲೇ ಪೆಟ್ರೋಲ್ ತರುವುದು. ಪೆಟ್ರೋಲ್ ಸಾಗಿಸಲೆಂದೇ ಮಾಡಿದ, ಬಿದ್ದರೂ ಸುಲಭವಾಗಿ ಒಡೆಯದ ಲೋಹದ ಪಾತ್ರೆ ಅದು. ಸ್ಪ್ಲೆಂಡರ್ ಬೈಕಿನ ಟ್ಯಾಂಕು 9.8 ಲೀಟರ್ ಹಿಡಿಯುತ್ತದೆ. ಪೇಟೆಯಿಂದ ಮೂವತ್ತು ಕಿಲೋಮೀಟರ್ ಬಂದರೆ ಅರ್ಧ ಲೀಟರ್ ಖರ್ಚು. ಮಿಕ್ಕದ್ದರಲ್ಲಿ ಐದು ಲೀಟರ್ ತೆಗೆದು ಯಂತ್ರಕ್ಕೆ ಹಾಕಿದರೂ ವಾಪಸು ಬಂಕಿಗೆ ಹೋಗಲು ಧಾರಾಳ ಉಳಿಯುತ್ತದೆ. ಎಕ್ಸೆಲ್ ಇಟ್ಟುಕೊಂಡವರಿಗೆ ಟ್ಯಾಂಕು 4 ಲೀಟರ್ ಮಾತ್ರವಾದ್ದರಿಂದ ಈ ಲೆಕ್ಕ ಅಷ್ಟು ಒಗ್ಗುವುದಿಲ್ಲ. ಹಿಂದೆ ಕಾರ್ಬುರೇಟರ್ ಬೈಕುಗಳ ಕಾಲದಲ್ಲಿ ಇದು ಸಲೀಸಾಗಿತ್ತು. ಟ್ಯಾಂಕಿನ ಕೆಳಗೆ ನಲ್ಲಿ ಇರುತ್ತಿತ್ತು. ರಬ್ಬರ್ ಪೈಪು ಬಿಚ್ಚಿ ನಲ್ಲಿ ತಿರುವಿದರೆ ಬೇಕಾದಷ್ಟು ಬರುತ್ತಿತ್ತು. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳು ಬಹುತೇಕ ಇಂಜೆಕ್ಷನ್ ಆದವು. ಪೆಟ್ರೋಲನ್ನು ಪಂಪು ಒತ್ತಿ ಕಳಿಸುತ್ತದೆ, ಹಳೆಯ ನಲ್ಲಿ ಹೋಯಿತು. ಒತ್ತಡದಲ್ಲಿರುವ ಆ ಪೈಪನ್ನು ಬಿಚ್ಚಲು ಹೋಗಬಾರದು. ಚಿಮ್ಮಿ ಕಣ್ಣಿಗೂ ಇಂಜಿನ್ನಿಗೂ ಬೀಳುತ್ತದೆ. ಹೊಗೆ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಇಂಥ ಬದಲಾವಣೆಯಿಂದ ಹಳ್ಳಿಯವನ ಒಂದು ಸುರಕ್ಷಿತ ಉಪಾಯ ಕೈತಪ್ಪಿತೆಂಬುದು ಬೈಕ್ ತಯಾರಿಸುವವರಿಗೆ ಗೊತ್ತಿರಲಾರದು.

ನಲ್ಲಿ ಹೋದ ಮೇಲೆ ಉಳಿದದ್ದು ಟ್ಯಾಂಕಿನ ಬಾಯಿಗೆ ಪೈಪು ಇಳಿಬಿಟ್ಟು ಬಾಯಿಯಿಂದ ಎಳೆಯುವುದು. ಇದನ್ನು ದಯವಿಟ್ಟು ಮಾಡಬೇಡಿ. ಎಳೆಯುವಾಗ ಒಂದು ಗುಟುಕು ಗಂಟಲಿಗೆ ಹೋದರೆ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೆಚ್ಚು ಅಪಾಯ. ಸ್ವಲ್ಪವೇ ಉಸಿರುನಾಳಕ್ಕೆ ಇಳಿದರೂ ತೀವ್ರ ನ್ಯುಮೋನಿಯಾ ಆಗುತ್ತದೆ. ಪೆಟ್ರೋಲ್ ಕುಡಿದವರಿಗೆ ವಾಂತಿ ಮಾಡಿಸಬಾರದು ಎನ್ನುವುದೂ ಇದಕ್ಕಾಗಿಯೇ: ಮೇಲೆ ಬರುವಾಗ ಅದು ಮತ್ತೊಮ್ಮೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಯಾವುದೂ ಬೇಡ. ನೇರ ಆಸ್ಪತ್ರೆಗೆ ಒಯ್ಯಬೇಕು. ಕೈಯಿಂದ ಹಿಸುಕಿ ಎಳೆಯುವ ಬುರುಡೆ ಪಂಪು ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನು ತಂದಿಟ್ಟುಕೊಂಡು, ಬೈಕ್ ತಣ್ಣಗಾದ ಮೇಲೆ, ಅಂಗಳದಲ್ಲಿ, ಹಗಲಿನಲ್ಲಿ ತೆಗೆಯಿರಿ.

ಇಷ್ಟಾಗಿಯೂ ಡಬ್ಬಿಯಲ್ಲೇ ತರಬೇಕಾದ ಸಂದರ್ಭ ಇದ್ದೇ ಇರುತ್ತದೆ. ಹತ್ತಾರು ಎಕರೆ ತೋಟಕ್ಕೆ ಸಿಂಪಡಣೆ ಮಾಡಿಸುವವನು, ಊರೂರಿಗೆ ಯಂತ್ರ ಹೊತ್ತು ಹೋಗಿ ಬಾಡಿಗೆಗೆ ಕಳೆ ಹೊಡೆಯುವ ಹುಡುಗ, ಇವರಿಗೆ ಬೈಕಿನ ಟ್ಯಾಂಕು ಸಾಲದು. ಅಂಥವರು ಜೆರಿಕ್ಯಾನ್ ಎಂಬ ಪಾತ್ರೆಯ ಹುಟ್ಟನ್ನು ತಿಳಿದುಕೊಂಡರೆ ಒಳ್ಳೆಯ ಡಬ್ಬಿಯ ಲಕ್ಷಣ ತಾನಾಗಿ ತಿಳಿಯುತ್ತದೆ. 1937ರ ಸುಮಾರಿಗೆ ಜರ್ಮನಿಯ ಸೈನ್ಯಕ್ಕಾಗಿ 20 ಲೀಟರ್ ಹಿಡಿಯುವ ಒಂದು ಉಕ್ಕಿನ ಡಬ್ಬಿ ತಯಾರಾಯಿತು. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಬ್ರಿಟಿಷರು ಬಳಸುತ್ತಿದ್ದುದು ನಾಲ್ಕು ಗ್ಯಾಲನ್ನಿನ ತೆಳು ತಗಡಿನ ಡಬ್ಬ. ಲಾರಿಯಲ್ಲಿ ಕುಲುಕಿ ಕುಲುಕಿ ಅದರ ಬೆಸುಗೆ ಬಿಡುತ್ತಿತ್ತು, ದಾರಿಯಲ್ಲೇ ಬಹಳಷ್ಟು ಪೆಟ್ರೋಲ್ ಸೋರಿ ಹೋಗುತ್ತಿತ್ತು. ಶತ್ರುಗಳಿಂದ ವಶಪಡಿಸಿಕೊಂಡ ಡಬ್ಬಿಗಳನ್ನು ಕಂಡು ಅವರು ತಮ್ಮದನ್ನು ಬಿಟ್ಟು ಅದನ್ನೇ ನಕಲು ಮಾಡಿದರು. ಜರ್ಮನರನ್ನು ಅವರು ಹಂಗಿಸಿ ಕರೆಯುತ್ತಿದ್ದ "ಜೆರಿ" ಎಂಬ ಹೆಸರೇ ಡಬ್ಬಿಗೂ ಅಂಟಿಕೊಂಡಿತು.

ಆ ಡಬ್ಬಿಯಲ್ಲಿ ಏನು ವಿಶೇಷ? ಪಕ್ಕಗಳಲ್ಲಿ ಗುಣಿಸು ಗುರುತಿನಂಥ ತಗ್ಗು ಒತ್ತಿದ್ದಾರೆ. ಬಿಸಿಲಿಗೆ ಆವಿ ಹಿಗ್ಗಿದಾಗ ತಗಡು ಅಲ್ಲಿ ಹೊರಕ್ಕೆ ಬಾಗಿ ಜಾಗ ಕೊಡುತ್ತದೆ, ಬೆಸುಗೆಗೆ ಪೆಟ್ಟಾಗುವುದಿಲ್ಲ. ಬೆಸುಗೆಯ ಗೆರೆ ಹೊರಗೆ ಚಾಚದೆ ಒಳಕ್ಕೆ ಸರಿದಿರುವುದರಿಂದ ಬಿದ್ದರೂ ನೇರ ಏಟು ತಗುಲುವುದಿಲ್ಲ. ಮುಚ್ಚಳ ತಿರುಪಿನದಲ್ಲ, ಸನ್ನೆಯಿಂದ ಒತ್ತಿ ಕೂರಿಸುವಂಥದು. ಕುಲುಕಾಟಕ್ಕೆ ತಾನಾಗಿ ಸಡಿಲವಾಗುವುದಿಲ್ಲ. ಬಾಯಿಯವರೆಗೆ ತುಂಬಿದರೂ ಹಿಡಿಕೆಯ ಕೆಳಗಿನ ಉಬ್ಬಿನಲ್ಲಿ ಗಾಳಿ ಉಳಿಯುತ್ತದೆ. ಇದೇ ಮಾದರಿಯ 5 ಮತ್ತು 10 ಲೀಟರಿನ ಡಬ್ಬಿಗಳೂ ಬಂದಿವೆ. ಆಕಾರ ನೋಡಿ ಮೋಸ ಹೋಗದೆ ತಗಡಿನ ದಪ್ಪ, ಮುಚ್ಚಳದ ವಾಷರ್, ಒಪ್ಪಿಗೆಯ ಗುರುತು ಇವನ್ನು ನೋಡಬೇಕು. ತಂದ ದಿನವೇ ನೀರು ತುಂಬಿ ಮುಚ್ಚಿ, ಒಂದು ರಾತ್ರಿ ಅಡ್ಡ ಮಲಗಿಸಿ, ಬೆಳಿಗ್ಗೆ ಕೆಳಗಿನ ಕಾಗದ ನೆನೆದಿದೆಯೇ ಎಂದು ಪರೀಕ್ಷಿಸಿ. ಆಮೇಲೆ ಬಿಸಿಲಿನಲ್ಲಿ ಬಾಯಿ ಕೆಳಗೆ ಮಾಡಿ ಚೆನ್ನಾಗಿ ಒಣಗಿಸಿ.

ತುಂಬಿಸುವಾಗ ಡಬ್ಬಿಯನ್ನು ನೆಲದ ಮೇಲಿಡಬೇಕು. ಸೀಟಿನ ಮೇಲೆ, ಸ್ಕೂಟರಿನ ರಬ್ಬರ್ ಹಾಸಿನ ಮೇಲೆ, ಹಿಂದೆ ಕುಳಿತವನ ತೊಡೆಯ ಮೇಲೆ, ತರಕಾರಿಯ ಪ್ಲಾಸ್ಟಿಕ್ ಕ್ರೇಟಿನೊಳಗೆ ಇಟ್ಟು ತುಂಬಿಸಬಾರದು. ಕೊಳವೆಯಲ್ಲಿ ರಭಸದಿಂದ ಹರಿಯುವ ಪೆಟ್ರೋಲಿನಲ್ಲಿ ವಿದ್ಯುತ್ತು ಸಂಗ್ರಹವಾಗುತ್ತದೆ. ಚಳಿಗಾಲದ ಒಣ ಹವೆಯಲ್ಲಿ ಟೆರಿಲಿನ್ ಅಂಗಿ ಬಿಚ್ಚುವಾಗ ಚಟಪಟ ಎನ್ನುತ್ತದಲ್ಲ, ಅದೇ ವಿದ್ಯುತ್ತು. ಡಬ್ಬಿ ನೆಲಕ್ಕೆ ತಗುಲಿದ್ದರೆ ಅದು ಭೂಮಿಗೆ ಇಳಿದು ಹೋಗುತ್ತದೆ. ರಬ್ಬರು, ಪ್ಲಾಸ್ಟಿಕ್ ಮೇಲಿದ್ದರೆ ಇಳಿಯಲು ದಾರಿಯಿಲ್ಲದೆ ನಿಂತು, ಬಂಕಿನ ನಾಜಲ್ ಹತ್ತಿರ ಬಂದಾಗ ಕಿಡಿಯಾಗಿ ಹಾರುತ್ತದೆ. ಆದ್ದರಿಂದ ನಾಜಲ್ ಡಬ್ಬಿಯ ಬಾಯಿಗೆ ತಗುಲಿಕೊಂಡೇ ಇರಲಿ, ನಿಧಾನವಾಗಿ ಬಿಡಲು ಹೇಳಿ. ಐದು ಲೀಟರಿನ ಡಬ್ಬಿಗೆ ನಾಲ್ಕೂವರೆ ಸಾಕು. ಬೆಳಗಿನ ತಂಪಿನಲ್ಲಿ ತುಂಬಿಸಿದ ಐದು ಲೀಟರ್ ಮಧ್ಯಾಹ್ನ 25 ಡಿಗ್ರಿ ಹೆಚ್ಚು ಕಾದರೆ ನೂರು ಮಿಲಿಲೀಟರಿಗೂ ಮಿಕ್ಕಿ ಹಿಗ್ಗುತ್ತದೆ. ಕಂಠಪೂರ್ತಿ ತುಂಬಿಸಿ ದುಡ್ಡಿಗೆ ಸರಿಯಾಯಿತು ಎನ್ನುವವನ ಹಿಗ್ಗಿದ ಪೆಟ್ರೋಲ್ ವಾಷರಿನ ಸಂದಿನಲ್ಲಿ ಹೊರಗೆ ಬರುತ್ತದೆ.

ಬೈಕಿನಲ್ಲಿ ಎಲ್ಲಿ ಕಟ್ಟಬೇಕು ಎಂಬುದಕ್ಕೆ ಹೆಚ್ಚು ವಿವರಣೆ ಬೇಡ. ನಮ್ಮ ಬೈಕುಗಳಲ್ಲಿ ಸಾಮಾನ್ಯವಾಗಿ ಸೈಲೆನ್ಸರ್ ಬಲಗಡೆ ಇರುತ್ತದೆ. ಡಬ್ಬಿ ಎಡಗಡೆ, ಹಿಂಚಕ್ರದ ಪಕ್ಕದ ಕಬ್ಬಿಣದ ಚೌಕಟ್ಟಿನಲ್ಲಿ ಅಥವಾ ಹಿಂದಿನ ಕ್ಯಾರಿಯರಿನ ಮೇಲೆ ನೆಟ್ಟಗೆ ನಿಲ್ಲಬೇಕು. ಹ್ಯಾಂಡಲಿಗೆ ಬೇಡ, ಇಂಜಿನ್ ಗಾರ್ಡಿಗೆ ಬೇಡ. ಬೈಕ್ ಬಿದ್ದರೆ ಮೊದಲ ಪೆಟ್ಟು ಅಲ್ಲಿಗೇ. ನಾವು ಹುಲ್ಲಿನ ಹೊರೆಯಿಂದ ಹಿಡಿದು ಎಲ್ಲಕ್ಕೂ ಹಳೆಯ ಟ್ಯೂಬಿನ ರಬ್ಬರು ಬಿಗಿಯುವವರು. ಪೆಟ್ರೋಲ್ ಡಬ್ಬಿಗೆ ಅದು ಸಲ್ಲದು. ಪ್ರತಿ ಹಳ್ಳಕ್ಕೂ ಎಳೆದುಕೊಂಡು ಡಬ್ಬಿಯನ್ನು ಕುಣಿಸುತ್ತದೆ, ಪೆಟ್ರೋಲ್ ತಾಗಿದರೆ ಊದಿ ಮೆತ್ತಗಾಗುತ್ತದೆ. ಅಗಲ ಪಟ್ಟಿಯ ಬೆಲ್ಟಿನಿಂದ ಎರಡು ಸುತ್ತು ಬಿಗಿಯಿರಿ. ಕ್ಯಾರಿಯರಿನ ಸರಳಿಗೆ ತಗಡು ಉಜ್ಜದಂತೆ ಕೆಳಗೆ ದಪ್ಪ ಕ್ಯಾನ್ವಾಸಿನ ತುಂಡು ಹಾಸಿರಿ. ನೂರು ಕಿಲೋಮೀಟರಿನ ಉಜ್ಜಾಟ ಗಟ್ಟಿ ತಗಡನ್ನೂ ಸವೆಸುತ್ತದೆ, ತೂತು ಬೀಳುವುದು ಕಣ್ಣಿಗೆ ಕಾಣದ ಅಡಿಭಾಗದಲ್ಲಿ.

ಈಚೆಗೆ ನಮ್ಮ ಊರುಗಳ ಹುಡುಗರು ಬೈಕಿನಲ್ಲಿ ದೂರದ ಪ್ರವಾಸ ಹೋಗುವುದು ಹೆಚ್ಚಾಗಿದೆ. ಹಿಂದೆ ಎರಡು ಕ್ಯಾನು ಕಟ್ಟಿಕೊಂಡು ಹೊರಡುವುದು ಶೋಕಿಯೂ ಆಗಿದೆ. ಕರ್ನಾಟಕದೊಳಗೆ ಓಡಾಡುವವನಿಗೆ ಅದರ ಅಗತ್ಯವೇ ಇಲ್ಲ. ಲೀಟರಿಗೆ ಐವತ್ತರಂತೆ ಹಿಡಿದರೂ ಸ್ಪ್ಲೆಂಡರಿನ ಟ್ಯಾಂಕು 450 ಕಿಲೋಮೀಟರ್ ದಾಟಿಸುತ್ತದೆ. ಹೆದ್ದಾರಿಗಳಲ್ಲಿ ಅಷ್ಟರೊಳಗೆ ಹತ್ತಾರು ಬಂಕುಗಳು ಸಿಗುತ್ತವೆ. ಟ್ಯಾಂಕು ಅರ್ಧಕ್ಕಿಳಿದಾಗ ತುಂಬಿಸಿಕೊಂಡರೆ ಮುಗಿಯಿತು. ನಿಜವಾಗಿ ಹೆಚ್ಚಿನ ಪೆಟ್ರೋಲ್ ಬೇಕಾಗುತ್ತಿದ್ದುದು ಹಿಮಾಲಯದ ಮನಾಲಿ-ಲೇಹ್ ರಸ್ತೆಯಂಥ ಕಡೆ. ಲಾಹೌಲ್ ಕಣಿವೆಯ ತಾಂಡಿ ಎಂಬಲ್ಲಿನ ಬಂಕಿನಲ್ಲಿ ಮುಂದಿನ ಬಂಕು 365 ಕಿಲೋಮೀಟರ್ ದೂರವೆಂದು ಬರೆದ ಫಲಕ ಬಹುಕಾಲ ಪ್ರಸಿದ್ಧವಾಗಿತ್ತು. ಅಲ್ಲಿಯ ತಂಗ್ಲಂಗ್ ಲಾ ಕಣಿವೆಬಾಗಿಲು 5,300 ಮೀಟರಿಗೂ ಎತ್ತರ; ಗಾಳಿಯ ಒತ್ತಡ ಕರಾವಳಿಯ ಅರ್ಧದಷ್ಟು. ಕೆಳಗೆ ಮುಚ್ಚಿದ ಡಬ್ಬಿ ಮೇಲೆ ಹೋದಾಗ ಉಬ್ಬಿ, ಮುಚ್ಚಳ ತೆಗೆದ ಕೂಡಲೇ ಉಗುಳುತ್ತದೆ. ಅಲ್ಲಿಗೆ ಹೋಗುವ ಹುಡುಗರಿಗೆ ಹೇಳಬೇಕಾದ ಮಾತು ರೈತನಿಗೆ ಹೇಳುವ ಮಾತೇ: ಲೋಹದ ಡಬ್ಬಿ, ಮುಕ್ಕಾಲು ಪಾಲಷ್ಟೇ ತುಂಬಿಸುವುದು, ಮುಚ್ಚಳ ಮೆಲ್ಲಗೆ ಸಡಿಲಿಸುವುದು, ಮೊದಲ ಖಾಲಿ ಜಾಗ ಸಿಕ್ಕಿದಾಗಲೇ ಡಬ್ಬಿಯದನ್ನು ಟ್ಯಾಂಕಿಗೆ ಸುರಿದುಬಿಡುವುದು. ಖಾಲಿ ಡಬ್ಬಿಯೂ ನಿರಪಾಯವಲ್ಲ ಎಂಬುದು ನೆನಪಿರಲಿ. ಅದರೊಳಗೆ ಉಳಿದಿರುವುದೆಲ್ಲ ಆವಿಯೇ. ಸೋರುವ ಖಾಲಿ ಡಬ್ಬಿಗೆ ಬೆಸುಗೆ ಹಾಕಿಸಲು ವೆಲ್ಡಿಂಗ್ ಅಂಗಡಿಗೆ ಒಯ್ಯುವ ಸಾಹಸ ಯಾರೂ ಮಾಡಬಾರದು.

ಮನೆಗೆ ತಂದದ್ದನ್ನು ಎಲ್ಲಿಡಬೇಕು? ಬಹಳ ರೈತರು ಪಂಪ್‌ಸೆಟ್ ಮನೆಯಲ್ಲಿಡುತ್ತಾರೆ. ವಾಸದ ಮನೆಯಿಂದ ದೂರ, ಬೀಗವೂ ಇದೆ ಎಂಬ ಯೋಚನೆ. ಆದರೆ ಅಲ್ಲಿ ಸ್ಟಾರ್ಟರ್ ಪೆಟ್ಟಿಗೆ ಇದೆ. ಕರೆಂಟು ಬಂದಾಗ, ಹೋದಾಗ ಅದರೊಳಗೆ ಕಿಡಿ ಹಾರುತ್ತದೆ, ಅದೂ ಸ್ವಯಂಚಾಲಿತವಾಗಿ, ರಾತ್ರಿ ಯಾರೂ ಇಲ್ಲದಾಗ. ಸೊಳ್ಳೆಗೆ ಹೊಗೆ ಹಾಕುವ ಕೊಟ್ಟಿಗೆಯೂ ಬೇಡ. ಎಲ್ಲ ಕಡೆ ಗಾಳಿಯಾಡುವ, ಬಿಸಿಲು ಬೀಳದ, ಮಕ್ಕಳ ಕೈಗೆ ಎಟುಕದ ಒಂದು ಚಾಚು ಮಾಡಿನ ಕೆಳಗೆ ಇಡಿ. ಯಂತ್ರಕ್ಕೆ ತುಂಬಿಸುವಾಗ ಇಂಜಿನ್ ಆರಲು ಹತ್ತು ನಿಮಿಷ ಬಿಡಿ. ಎಲೆ ಅಡಿಕೆ ಹಾಕಿಕೊಳ್ಳಲು ಆ ಬಿಡುವು ಸರಿಹೋಗುತ್ತದೆ. ಬೀಡಿಗೆ ಮಾತ್ರ ಅಲ್ಲ. ತುಂಬಿಸಿದ ಜಾಗದಿಂದ ಹತ್ತು ಹೆಜ್ಜೆ ದೂರ ಹೋಗಿ ಯಂತ್ರ ಚಾಲೂ ಮಾಡಿ.

ಹೆಚ್ಚು ದಿನ ಇಟ್ಟುಕೊಳ್ಳುವುದೂ ಈಗ ಲಾಭದ ಮಾತಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಮಾರಂಭದಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದ ತುಂಬ ಹರಡಿತು. ನಮ್ಮ ಕಬ್ಬು, ಮೆಕ್ಕೆಜೋಳಗಳೇ ಆ ಎಥೆನಾಲಿಗೆ ಮೂಲವಾದ್ದರಿಂದ ರೈತನಿಗೆ ಅದರ ಮೇಲೆ ಮುನಿಸಿಲ್ಲ. ಆದರೆ ಎಥೆನಾಲ್ ತೇವವನ್ನು ಹೀರುತ್ತದೆ. ಮಳೆಗಾಲದ ಹವೆಯಲ್ಲಿ ಸಡಿಲ ಮುಚ್ಚಳದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ನೀರು ಸೇರಿ, ಎಥೆನಾಲಿನೊಡನೆ ಬೇರ್ಪಟ್ಟು ತಳಕ್ಕೆ ಕೂರುತ್ತದೆ. ಎರಡು ಸ್ಟ್ರೋಕಿನ ಯಂತ್ರಗಳಲ್ಲಿ ಆಯಿಲ್ ಪೆಟ್ರೋಲಿನೊಡನೆ ಮೇಲೆ ಉಳಿದು, ಆಯಿಲ್ ಇಲ್ಲದ ತಳದ ದ್ರವ ಮೊದಲು ಇಂಜಿನ್ನಿಗೆ ಹೋಗುತ್ತದೆ. ಪಿಸ್ಟನ್ ಹಿಡಿಯಲು ಅಷ್ಟು ಸಾಕು. ಹದಿನೈದು ದಿನಕ್ಕೆ ಬೇಕಾದಷ್ಟೇ ತನ್ನಿ. ಆಯಿಲ್ ಬೆರೆಸಿದ ಡಬ್ಬಿಯ ಮೇಲೆ ಬೆರೆಸಿದ ದಿನಾಂಕವನ್ನೂ ಪ್ರಮಾಣವನ್ನೂ ಬರೆದಿಡಿ. ಕೆಲವು ಯಂತ್ರಗಳಿಗೆ ಲೀಟರಿಗೆ 20 ಮಿಲಿಲೀಟರ್ ಆಯಿಲ್, ಕೆಲವಕ್ಕೆ 40. ನಿಮ್ಮದು ಯಾವುದೆಂದು ಯಂತ್ರದ ಪುಸ್ತಕದಲ್ಲಿರುತ್ತದೆ. ಹಂಗಾಮು ಮುಗಿದ ಮೇಲೆ ಯಂತ್ರದ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿ ಇಡಿ.

ಬೆಂಕಿ ಹತ್ತಿದರೆ ನೀರು ಎರಚಬಾರದು. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಮಣ್ಣು, ಮರಳು, ಒದ್ದೆ ಗೋಣಿಚೀಲ ಒಳ್ಳೆಯದು. ಮೈಮೇಲಿನ ಬಟ್ಟೆಗೆ ಹತ್ತಿದರೆ ಓಡದೆ ನೆಲಕ್ಕೆ ಬಿದ್ದು ಹೊರಳಬೇಕು. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಶಾಯಿ, ಟೂತ್‌ಪೇಸ್ಟು, ತುಪ್ಪ ಯಾವುದನ್ನೂ ಹಚ್ಚದೆ ಶುಭ್ರ ಬಟ್ಟೆ ಹೊದಿಸಿ 108ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಎಚ್ಚರಿಕೆಯನ್ನು ರೈತನ ತಲೆಗೆ ಕಟ್ಟಿ ಕೈತೊಳೆದುಕೊಂಡರೆ ನ್ಯಾಯವಾಗುವುದಿಲ್ಲ. ಸಹಾಯಧನದಲ್ಲಿ ಪೆಟ್ರೋಲ್ ಯಂತ್ರ ಕೊಡುವ ಇಲಾಖೆ ಅದರೊಡನೆ ಒಪ್ಪಿಗೆಯ ಗುರುತಿರುವ 5 ಲೀಟರಿನ ಲೋಹದ ಡಬ್ಬಿಯನ್ನು ಕಡ್ಡಾಯವಾಗಿ ಸೇರಿಸಬೇಕು. ಖರ್ಚು ಹೆಚ್ಚಾಗುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ಹತ್ತಾರು ಸಾವಿರದ ಯಂತ್ರದ ಬೆಲೆಯಲ್ಲಿ ಒಂದು ಡಬ್ಬಿ ಎಷ್ಟರ ಮಾತು? ಯಂತ್ರ ಮಾರುವ ಕಂಪನಿಗೇ ಈ ಷರತ್ತು ಹಾಕಿದರೆ ಸರ್ಕಾರಕ್ಕೆ ಬಿಡಿಗಾಸೂ ಬೀಳದು. ಬ್ಯಾಟರಿ ಸ್ಪ್ರೇಯರುಗಳು ಬಂದಿರುವಾಗ ಪೆಟ್ರೋಲಿನ ಚಿಂತೆ ಏಕೆ ಎಂದು ಕೆಲವರು ಕೇಳಬಹುದು. ತರಕಾರಿ ಮಡಿಗೆ, ಸಣ್ಣ ಹೊಲಕ್ಕೆ ಅವು ಒಳ್ಳೆಯವೇ, ಸಾಧ್ಯವಿದ್ದವರು ಅದನ್ನೇ ಕೊಳ್ಳಲಿ. ಐವತ್ತು ಅರವತ್ತು ಅಡಿ ಎತ್ತರದ ಅಡಿಕೆ ಕೊನೆಗೆ ದ್ರಾವಣ ಏರಿಸುವ ಒತ್ತಡ ಬೆನ್ನ ಮೇಲಿನ ಬ್ಯಾಟರಿ ಪಂಪಿಗೆ ಇನ್ನೂ ಬಂದಿಲ್ಲ.

ಎರಡನೆಯದಾಗಿ, ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಇಂಥ ಡಬ್ಬಿಗಳು ಮಾರಾಟಕ್ಕೂ ಬಾಡಿಗೆಗೂ ಸಿಗಬೇಕು. ಗೊಬ್ಬರ, ಬೀಜ, ಮೈಲುತುತ್ತ ತರಿಸುವ ಸಂಘಕ್ಕೆ ಇಪ್ಪತ್ತು ಡಬ್ಬಿ ತರಿಸುವುದು ಕಷ್ಟವಲ್ಲ. ತೈಲ ಕಂಪನಿಗಳು ತಮ್ಮ ಬಂಕುಗಳಿಗೆ ಸ್ಪಷ್ಟ ಸುತ್ತೋಲೆ ಕಳಿಸಿ, ಸರಿಯಾದ ಡಬ್ಬಿ ತಂದ ರೈತನಿಗೆ ಬೈಕ್ ನಂಬರನ್ನೂ ಪಹಣಿ ಅಥವಾ ಯಂತ್ರದ ರಸೀದಿಯನ್ನೂ ನೋಡಿ ಬರೆದುಕೊಂಡು ಪೆಟ್ರೋಲ್ ಕೊಡುವಂತೆ ಮಾಡಬೇಕು. ಬಾಟಲಿಗೆ ಇಲ್ಲ ಎನ್ನುವ ಫಲಕದ ಪಕ್ಕದಲ್ಲಿ ಯಾವ ಡಬ್ಬಿಗೆ ಉಂಟು ಎನ್ನುವ ಚಿತ್ರವನ್ನೂ ತೂಗುಹಾಕಲಿ.

ಸಹಕಾರ ಸಂಘಗಳ ವಾರ್ಷಿಕ ಸಭೆ ಸೆಪ್ಟೆಂಬರ್ ಸುಮಾರಿಗೆ ನಡೆಯುತ್ತದೆ. ಲಾಭಾಂಶ, ಸಾಲಮನ್ನಾಗಳ ಚರ್ಚೆ ಮುಗಿದು ಜನ ಊಟಕ್ಕೆ ಏಳುವ ಮೊದಲು ಯಾರಾದರೊಬ್ಬ ಸದಸ್ಯರು ಎದ್ದು ಈ ಡಬ್ಬಿಯ ವಿಷಯ ಪ್ರಸ್ತಾಪಿಸಿ ಠರಾವು ಬರೆಸಬಹುದು. ಮುಂದಿನ ಮುಂಗಾರಿನ ಬೋರ್ಡೋ ಹಂಗಾಮಿಗೆ ಡಬ್ಬಿಗಳು ಬಂದು ಸೇರಲು ಅಲ್ಲಿಂದ ಎಂಟು ತಿಂಗಳು ಸಮಯವಿರುತ್ತದೆ.